ಜಿಪ್ಸಿ ದಿನಚರಿ: ಐಡಲ್ ಏರಿಳಿತದ ಬೇರು ಅರ್ತಿಂಗ್‌ನಲ್ಲಿತ್ತು

ಬಳ್ಳಾರಿ, 11 ಮೇ 2025, ಭಾನುವಾರ

ರೇಡಿಯೇಟರ್ ಫ್ಯಾನ್ ತಿರುಗುತ್ತಿದೆ, ಹೆಡ್‌ಲೈಟ್ ಉರಿಯುತ್ತಿದೆ, ಟ್ಯಾಕೋಮೀಟರ್ ಮುಳ್ಳು ನಿಮಿಷಕ್ಕೆ 850 ಸುತ್ತಿನಲ್ಲಿ ಅಲುಗಾಡದೆ ನಿಂತಿದೆ. ಮೂರೂ ಒಟ್ಟಿಗೆ ಆಗಿದ್ದನ್ನು ಈ ಗಾಡಿಯಲ್ಲಿ ನೋಡಿದ್ದು ಇವತ್ತೇ ಮೊದಲು. ತುಂಬಾ ಖುಷಿಯಾಗಿದೆ. ಐಡಲ್ (ಪೆಡಲ್ ಒತ್ತದೆ ಇಂಜಿನ್ ಓಡುವ ವೇಗ) ಏರಿಳಿಯುತ್ತಿದ್ದುದರ ಕಾರಣ ಹೇಗೆ ಸಿಕ್ಕಿತು ಅಂತ ಇವತ್ತೇ ಬರೆದಿಡುತ್ತೇನೆ, ಇಂಥದ್ದೇ ಕೆಲಸಕ್ಕೆ ಕೈ ಹಾಕಿದವರಿಗೆ ಉಪಯೋಗವಾಗಲಿ.

ಗಾಡಿ ಹಳೆಯ ಮಾರುತಿ ಜಿಪ್ಸಿ, ಮಾಡೆಲ್ ಎಂಜಿ 410. 1985ರಲ್ಲಿ ಮಾರುತಿ ಜಿಪ್ಸಿ ಬಂದಾಗ ಅದರಲ್ಲಿದ್ದದ್ದು 970 ಸಿಸಿಯ ಕಾರ್ಬ್ಯುರೇಟರ್ ಇಂಜಿನ್. 1298 ಸಿಸಿ ಬಂದದ್ದು 1996ರ ಜಿಪ್ಸಿ ಕಿಂಗ್‌ನಲ್ಲಿ. ನನ್ನ ಗಾಡಿಯಲ್ಲಿ ಈಗ ಕೂತಿರುವುದು ಎಸ್ಟೀಮ್ ಕಾರಿನಿಂದ ತೆಗೆದ 16 ವಾಲ್ವ್ ಎಂಪಿಎಫ್‌ಐ (ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಸಿಂಪಡಿಸುವ ಇಂಜಿನ್), ಜಿ13ಬಿಬಿ. ಇಂಜಿನ್ ಬದಲಿಸುವವರಿಗೆ ಒಂದು ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರ್ ಬರಬೇಕು. ಅದಿಲ್ಲದೆ ಗಾಡಿ ರಸ್ತೆಗೆ ಇಳಿಸಬೇಡಿ.

ತೊಂದರೆ ಏನಿತ್ತು ಅಂದರೆ, ಬೆಳಿಗ್ಗೆ ಸೆಲ್ಫ್ ಹೊಡೆದರೆ ಸುಸ್ತಾದ ಹಾಗೆ ನಿಧಾನ ತಿರುಗಿ ಸ್ಟಾರ್ಟ್ ಆಗುತ್ತಿತ್ತು. ಇಂಜಿನ್ ಬಿಸಿಯಾದ ಮೇಲೆ ಐಡಲ್ 900ಕ್ಕೆ ಇಳಿದು, ತಾನಾಗೇ 1500ಕ್ಕೆ ಏರಿ, ಮತ್ತೆ ಇಳಿಯುತ್ತಿತ್ತು. ರೇಡಿಯೇಟರ್ ಫ್ಯಾನ್ ಶುರುವಾದರೆ ಇನ್ನೂ ಜಾಸ್ತಿ. ಮೋತಿ ಸರ್ಕಲ್‌ನಲ್ಲಿ ಸಿಗ್ನಲ್ ಬಿದ್ದರೆ ಆಫ್ ಆಗಿಬಿಡುತ್ತಿತ್ತು. ಮೇ ತಿಂಗಳ ಬಳ್ಳಾರಿಯಲ್ಲಿ ಫ್ಯಾನ್ ನಿಲ್ಲುವುದೇ ಕಡಿಮೆ, ಹಾಗಾಗಿ ತೊಂದರೆಯೂ ಬಿಡಲಿಲ್ಲ.

ಕೇಳಿದವರೆಲ್ಲ ಹೇಳಿದ್ದು ಒಂದೇ: ಥ್ರಾಟಲ್ ಬಾಡಿ (ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಕ್ಲೀನ್ ಮಾಡಿಸು, ಐಡಲ್‌ನಲ್ಲಿ ಗಾಳಿ ಹೊಂದಿಸುವ ಐಡಲ್ ಏರ್ ಕಂಟ್ರೋಲ್ ವಾಲ್ವ್ ಬದಲಿಸು, ಆಗದಿದ್ದರೆ ಇಸಿಎಂ (ಇಂಜಿನ್ ಕಂಪ್ಯೂಟರ್) ಹೋಗಿದೆ. ಥ್ರಾಟಲ್ ಬಾಡಿ ಮೊದಲೇ ಕ್ಲೀನ್ ಆಗಿತ್ತು. ವಾಲ್ವ್ ಬಿಚ್ಚಿ ನೋಡಿದರೆ ಚೆನ್ನಾಗೇ ಇತ್ತು. ಅಳತೆ ಮಾಡದೆ ಪಾರ್ಟ್ ಬದಲಿಸುವುದು ನನಗೆ ಸರಿ ಅನಿಸುವುದಿಲ್ಲ. ದುಡ್ಡೂ ಹೋಗುತ್ತದೆ, ಕಾರಣವೂ ಗೊತ್ತಾಗುವುದಿಲ್ಲ.

ಮೊದಲು ಗಾಳಿ ಸೋರಿಕೆ ನೋಡಿದೆ. ಈ ಇಂಜಿನ್ ಒಳಗೆ ಬರುವ ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಮ್ಯಾನಿಫೋಲ್ಡ್ (ಗಾಳಿ ಇಂಜಿನ್‌ಗೆ ಹೋಗುವ ಕೊಳವೆ) ಒಳಗಿನ ಒತ್ತಡವನ್ನು ಮ್ಯಾಪ್ ಸೆನ್ಸರ್ ಹೇಳುತ್ತದೆ, ಅದರ ಮೇಲೆ ಇಸಿಎಂ ಪೆಟ್ರೋಲ್ ಲೆಕ್ಕ ಹಾಕುತ್ತದೆ. ಎಲ್ಲಾದರೂ ಗಾಳಿ ಸೋರಿದರೆ ಒತ್ತಡ ಏರುತ್ತದೆ, ಇಸಿಎಂ ಪೆಟ್ರೋಲ್ ಜಾಸ್ತಿ ಕೊಡುತ್ತದೆ, ಐಡಲ್ ಮೇಲೇರುತ್ತದೆ. ಮ್ಯಾನಿಫೋಲ್ಡ್‌ನಿಂದ ಬ್ರೇಕ್ ಬೂಸ್ಟರ್‌ಗೆ ಹೋಗುವ ಪೈಪಿನ ಮೊಣಕೈಯಲ್ಲಿ ಸಣ್ಣ ಬಿರುಕಿತ್ತು. ಬಿಸಿಲಿಗೆ ರಬ್ಬರ್ ಒಣಗಿದೆ. ಹೊಸ ಪೈಪ್ ಹಾಕಿದೆ. ಏರಿಳಿತ ಅರ್ಧಕ್ಕೆ ಇಳಿಯಿತು, ಆದರೆ ಹೋಗಲಿಲ್ಲ. ಫ್ಯಾನ್ ಬಂದಾಗ ಕೆಡುವುದಂತೂ ಹಾಗೇ ಇತ್ತು. ಗಾಳಿ ಸೋರಿಕೆಗೆ ಫ್ಯಾನ್ ಗೊತ್ತಿರುವುದಿಲ್ಲ ಅಲ್ವಾ? ಅಲ್ಲಿಂದ ಮಲ್ಟಿಮೀಟರ್ ಕೈಗೆ ಬಂತು.

ಇಂಜಿನ್ ಆಫ್ ಇದ್ದಾಗ ಬ್ಯಾಟರಿಯಲ್ಲಿ 12.6 ವೋಲ್ಟ್. ಒಳ್ಳೆಯದೇ. ಇಂಜಿನ್ ಓಡುವಾಗ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಹಿಂಬದಿಯ ದಪ್ಪ ಬೋಲ್ಟ್‌ಗೂ ಅದರ ಮೈಗೂ ನಡುವೆ 14.2. ಅದೇ ಹೊತ್ತಿಗೆ ಬ್ಯಾಟರಿಯಲ್ಲಿ 13.3 ಮಾತ್ರ! ನಡುವೆ 0.9 ವೋಲ್ಟ್ ಕಳೆದುಹೋಗಿದೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದ ಹಾಗೆ. ಅರ್ಧದಷ್ಟು ಪಾಸಿಟಿವ್ ಕಡೆಯ ಹಳೆಯ ಸಣ್ಣ ವೈರಿನಲ್ಲಿ ಹೋಗುತ್ತಿತ್ತು. ಉಳಿದ 0.4 ಹೋಗುತ್ತಿದ್ದದ್ದು ನೆಗೆಟಿವ್ ಕಡೆ, ಬಾಡಿಗೂ ಇಂಜಿನ್ ಬ್ಲಾಕಿಗೂ ನಡುವೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಮುಖ್ಯ ವಿಷಯ ಇದೇ. ಕರೆಂಟ್ ವಾಪಸ್ ಹೋಗುವ ದಾರಿಗೆ ಅರ್ತ್ ಅನ್ನುತ್ತಾರೆ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಾಡಿಗೆ ಹೋಗಿದೆ. ಬಾಡಿಯಿಂದ ಇಂಜಿನ್‌ಗೆ ಕರೆಂಟ್ ಹಾಯಲು ಇರುವುದು ಒಂದೇ ಲೋಹದ ಪಟ್ಟಿ. ಬಾಡಿ ಕೆಲಸ ಮಾಡಿದ ಕಡೆ ಆ ಪಟ್ಟಿ ಕೂರುವ ಜಾಗಕ್ಕೂ ಪೇಂಟ್ ಹೊಡೆದಿದ್ದಾರೆ. ಅದರ ಮೇಲೆ ಅದಿರು ಲಾರಿಗಳ ಕೆಂಪು ದೂಳು ಬೇರೆ. ಸೆಲ್ಫ್ ಹೊಡೆಯುವಾಗ ನೂರಕ್ಕೂ ಹೆಚ್ಚು ಆಂಪಿಯರ್ ಆ ಒಂದು ಬೋಲ್ಟ್ ಮೂಲಕ ಬರಬೇಕು. ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೆಸಿದೆ: 1.1 ವೋಲ್ಟ್. ಚೆನ್ನಾಗಿರುವ ಗಾಡಿಯಲ್ಲಿ ಇದು 0.2ರ ಆಸುಪಾಸು ಇರಬೇಕು. ಆಕ್ಸಿಲರೇಟರ್ ಕೇಬಲ್ ಮುಟ್ಟಿದರೆ ಬೆಚ್ಚಗಿತ್ತು. ಪಟ್ಟಿಯಲ್ಲಿ ದಾರಿ ಸಿಗದ ಕರೆಂಟ್ ಆ ಕೇಬಲ್ ಹಿಡಿದು ಓಡುತ್ತಿತ್ತು. ಹಾಗೇ ಬಿಟ್ಟಿದ್ದರೆ ಕೇಬಲ್ ಸುಟ್ಟು ರೇಸ್ ಸಿಕ್ಕಿಹಾಕಿಕೊಳ್ಳುವ ಅಪಾಯ ಇತ್ತು.

ಸರಿ, ಐಡಲ್‌ಗೂ ಇದಕ್ಕೂ ಏನು ಸಂಬಂಧ? ಕಾರ್ಬ್ಯುರೇಟರ್ ಇಂಜಿನ್ ಆಗಿದ್ದರೆ ಹೆಚ್ಚೇನೂ ಇರುತ್ತಿರಲಿಲ್ಲ. ಈ ಇಂಜಿನ್‌ಗೆ ಎಲ್ಲವೂ ವೋಲ್ಟೇಜ್ ಮೂಲಕವೇ ಗೊತ್ತಾಗಬೇಕು. ವೈರಿಂಗ್ ಬಿಚ್ಚಿ ಒಂದೊಂದೇ ಎಳೆ ಹಿಡಿದು ಹೋದೆ. ಇಸಿಎಂ ಅರ್ತ್ ಇಂಜಿನ್ ಬ್ಲಾಕಿಗೆ ಹೋಗಿದೆ, ಸರಿಯಾಗೇ ಇದೆ. ಆದರೆ ಸೆನ್ಸರ್‌ಗಳ ಅರ್ತ್ ವೈರನ್ನು ಯಾರೋ ಕತ್ತರಿಸಿ ಬಾಡಿಗೆ ಜೋಡಿಸಿದ್ದರು. ಆ ವೈರ್ ಇಸಿಎಂಗೇ ವಾಪಸ್ ಹೋಗಬೇಕು. ಫ್ಯಾನ್ ಓಡಿದಾಗ ಅದರ ಕರೆಂಟ್ ಬಾಡಿಯಿಂದ ಬ್ಲಾಕಿಗೆ, ಅಲ್ಲಿಂದ ಆಲ್ಟರ್ನೇಟರ್‌ಗೆ ವಾಪಸ್ ಹೋಗುತ್ತದೆ. ಪೇಂಟ್ ತಡೆಯುವುದರಿಂದ ಬಾಡಿ, ಬ್ಲಾಕಿಗಿಂತ 0.4 ವೋಲ್ಟ್ ಮೇಲೇರುತ್ತದೆ. ಸೆನ್ಸರ್ ಹೇಳುವ ಲೆಕ್ಕಕ್ಕೂ ಹೆಚ್ಚುಕಡಿಮೆ ಅಷ್ಟೇ ಸೇರಿಬಿಡುತ್ತದೆ. ಥ್ರಾಟಲ್ ಪೂರ್ತಿ ಮುಚ್ಚಿದಾಗ 0.6 ವೋಲ್ಟ್ ತೋರಿಸಬೇಕಾದ ಪೊಸಿಷನ್ ಸೆನ್ಸರ್ (ಥ್ರಾಟಲ್ ಎಷ್ಟು ತೆರೆದಿದೆ ಅಂತ ಹೇಳುವುದು), ಫ್ಯಾನ್ ಬಂದ ತಕ್ಷಣ 0.95 ತೋರಿಸುತ್ತಿತ್ತು. ಇದನ್ನು ಕಣ್ಣಾರೆ ನೋಡಿದೆ. ಇಸಿಎಂ ಪಾಲಿಗೆ ಯಾರೋ ಪೆಡಲ್ ಒತ್ತಿದ ಹಾಗೆ. ಅದು ಐಡಲ್ ಹಿಡಿಯುವ ಕೆಲಸ ಬಿಟ್ಟುಬಿಡುತ್ತದೆ. ಫ್ಯಾನ್ ನಿಂತರೆ ಮತ್ತೆ ಹಿಡಿಯುತ್ತದೆ. ಮ್ಯಾಪ್ ಸೆನ್ಸರ್‌ದೂ ಇದೇ ಕಥೆ. ಇಸಿಎಂ ಪಾಪ ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು.

ಕೌಲ್ ಬಜಾರಿನ ಬ್ಯಾಟರಿ ಅಂಗಡಿಯಿಂದ 25 ಚದರ ಮಿಲಿಮೀಟರಿನ ಕೇಬಲ್ ತಂದೆ. ಬ್ಯಾಟರಿ ನೆಗೆಟಿವ್‌ನಿಂದ ಗೇರ್‌ಬಾಕ್ಸ್ ಬೋಲ್ಟಿಗೆ ನೇರವಾಗಿ ಒಂದು, ಬ್ಲಾಕಿನಿಂದ ಬಾಡಿಗೆ ಇನ್ನೊಂದು. ಪೇಂಟನ್ನು ಉಕ್ಕು ಹೊಳೆಯುವ ತನಕ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಆಮೇಲೆ ಹೊರಗಿನಿಂದ ಗ್ರೀಸ್ ಬಳಿದೆ. ಗ್ರೀಸ್ ಕೊನೆಗೆ, ಮೊದಲಿಗಲ್ಲ. ಸೆನ್ಸರ್ ಅರ್ತನ್ನು ಇಸಿಎಂ ಪಿನ್ನಿಗೆ ವಾಪಸ್ ಸೇರಿಸಿದೆ. ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ ಫ್ಯೂಸ್ ಇರುವ ದಪ್ಪ ವೈರ್ ಎಳೆದೆ.

ಸೆಲ್ಫ್ ಹೊಡೆಯುವಾಗ ಬ್ಯಾಟರಿ ನೆಗೆಟಿವ್‌ಗೂ ಬ್ಲಾಕಿಗೂ ನಡುವೆ ಈಗ 0.15 ವೋಲ್ಟ್. ಎಲ್ಲ ಲೈಟ್ ಹಾಕಿದರೂ ಬ್ಯಾಟರಿಯಲ್ಲಿ 14.0. ಸಂಜೆ ಕುಡತಿನಿ ತನಕ ಹೋಗಿ ಬಂದೆ. ಹೊಸಪೇಟೆ ರಸ್ತೆಯ ಲಾರಿ ಸಾಲಿನಲ್ಲಿ ನಿಂತಾಗಲೂ ಒಂದು ಸಲವೂ ಆಫ್ ಆಗಲಿಲ್ಲ. ದಾರಿಯಲ್ಲಿ ಮಂಡಾಳು ಒಗ್ಗರಣೆ, ಮಿರ್ಚಿ ತಿಂದು ಬಂದಾಗ ಬಿಸಿ ಇಂಜಿನ್ ಒಂದೇ ಹೊಡೆತಕ್ಕೆ ಸ್ಟಾರ್ಟ್ ಆಯಿತು.

ಇನ್ನೂ ಒಂದು ಬಾಕಿ ಇದೆ. ಗಾಡಿ ನಿಂತಾಗಲೂ 0.4 ಆಂಪಿಯರ್ ಎಳೆಯುತ್ತಿದೆ. 0.05 ದಾಟಬಾರದು. ಈ ಲೆಕ್ಕದಲ್ಲಿ ದಿನಕ್ಕೆ ಸುಮಾರು 10 ಆಂಪಿಯರ್ ಅವರ್ ಸೋರುತ್ತದೆ, 35 ಆಂಪಿಯರ್ ಅವರ್ ಬ್ಯಾಟರಿ ಮೂರು ದಿನಕ್ಕೇ ಮಲಗುತ್ತದೆ. ಒಂದೊಂದೇ ಫ್ಯೂಸ್ ತೆಗೆದು ನೋಡಿದರೆ ಇಸಿಎಂ ಫ್ಯೂಸ್ ತೆಗೆದಾಗ ಇಳಿಯಿತು. ಇಸಿಎಂಗೆ ಕರೆಂಟ್ ಬಿಡುವ ಮೇನ್ ರಿಲೇಯನ್ನು ಕೀ ಸ್ವಿಚ್ಚಿಗೆ ಬದಲು ನೇರ ಬ್ಯಾಟರಿಗೆ ಕೊಟ್ಟಿರಬೇಕು ಅಂತ ನನ್ನ ಅನುಮಾನ. ಸದ್ಯಕ್ಕೆ ಬ್ಯಾಟರಿ ಟರ್ಮಿನಲ್ ಕಳಚಿಟ್ಟಿದ್ದೇನೆ. ಮುಂದಿನ ಭಾನುವಾರ ರಿಲೇ ಬಾಕ್ಸ್ ಬಿಚ್ಚುತ್ತೇನೆ.