ಮಾರ್ಜ್ ಸಿಂಪ್ಸನ್‌ಗೆ ಗಂಡಸಿನ ಧ್ವನಿ

ಅಮೆರಿಕದ ಕಾರ್ಟೂನ್ ಸೀರಿಯಲ್ ಸಿಂಪ್ಸನ್ಸ್ ನೋಡಿರೋರಿಗೆ ನೀಲಿ ಕೂದಲಿನ ಮಾರ್ಜ್ ಗೊತ್ತಿರ್ತಾಳೆ, ಗಂಟಲು ಕೆರೆದಂಗೆ ಮಾತಾಡೋ ಅಮ್ಮ. ಇಂಗ್ಲಿಷಲ್ಲಿ ಅದು ಜೂಲಿ ಕಾವ್ನರ್ ಧ್ವನಿ. ಚೆಕ್ ಭಾಷೇಲಿ ಅವಳಿಗೆ ಮಾತು ಕೊಟ್ಟಿರೋದು ಒಬ್ಬ ಗಂಡಸು, ಹೆಸರು ಯಿರ್ಜಿ ಲಾಬುಸ್. ಕೇಳಿದ್ರೆ ತಮಾಷೆಗೆ ಮಾಡಿದಾರೆ ಅನ್ಸಲ್ಲ ಕಣ್ರೀ, ಹೆಂಗಸಿನ ಧ್ವನಿ ಮಾಡ್ಬೇಕು ಅಂತ ತೆಳ್ಳಗೆ ಕೀರಲು ಹೊಡೆಯೋದೇ ಇಲ್ಲ ಆಸಾಮಿ, ಆ ಒರಟು ಗಂಟಲನ್ನೇ ಹಿಡ್ಕೊಂಡು ಅದರೊಳಗೇ ಸಿಟ್ಟು, ಸುಸ್ತು, ಮುದ್ದು ಎಲ್ಲಾ ತರ್ತಾರೆ.

ಇನ್ನೊಂದು ಮಜಾ ಏನಂದ್ರೆ ಮಾರ್ಜ್ ಮಗ ಬಾರ್ಟ್‌ಗೆ ಅಮೆರಿಕದಲ್ಲಿ ಹೆಂಗಸಿನ ಧ್ವನಿ, ಚೆಕ್‌ನಲ್ಲಿ ಮಾರ್ಟಿನ್ ದೈದರ್ ಅನ್ನೋ ನಟ. ಮಗಳು ಲೀಸಾಗೆ ತುಂಬಾ ವರ್ಷ ಮಾತು ಕೊಟ್ಟಿದ್ದು ಹೆಲೆನಾ ಶ್ತಾಖೋವಾ, ಪ್ರಾಗ್‌ನ ಸ್ಪೇಬ್ಲ್ ಮತ್ತು ಹುರ್ವಿನೆಕ್ ಬೊಂಬೆ ನಾಟಕ ಕಂಪನಿ ನಡೆಸ್ತಿದ್ದವರು. ಒಟ್ನಲ್ಲಿ ಮನೆಮಂದಿ ಎಲ್ಲಾ ನಾಟಕದವ್ರೇ. ಡಬ್ಬಿಂಗ್ ಅಂದ್ರೆ ಮೂಗು ಮುರಿಯೋರು ನಮ್ಮಲ್ಲಿ ಇದಾರೆ, ಆದ್ರೆ ಅಲ್ಲಿ ಅದು ಕೆಲ್ಸ ಸಿಗದೇ ಇರೋರು ಮಾಡೋ ಕೆಲ್ಸ ಅಲ್ಲ. ಫ್ರಾಂಟಿಶೆಕ್ ಫಿಲಿಪೋವ್ಸ್ಕಿ ಅಂತ ನ್ಯಾಷನಲ್ ಥಿಯೇಟರ್‌ನ ದೊಡ್ಡ ನಟ ಇದ್ರು, ಫ್ರೆಂಚ್ ಕಾಮಿಡಿಯನ್ ಲೂಯಿ ದ ಫ್ಯುನೆಸ್‌ಗೆ ಚೆಕ್ ಧ್ವನಿ ಅವರದ್ದೇ, ಅವರ ಹುಟ್ಟೂರು ಪ್ರೆಲೌಚ್‌ನಲ್ಲಿ ಈಗ ಅವರ ಹೆಸರಲ್ಲಿ ಡಬ್ಬಿಂಗ್‌ಗೇ ಅಂತ ಪ್ರಶಸ್ತಿ ಕೊಡ್ತಾರೆ.

ಲಾಬುಸ್ ಹುಟ್ಟಿದ್ದು 1950ರಲ್ಲಿ, ಪ್ರಾಗ್‌ನಲ್ಲಿ. ಅಲ್ಲಿನ ನಾಟಕ ಶಾಲೆ ಮುಗಿಸಿ 1973ರಲ್ಲಿ ಲಿಬೆರೆಟ್ಸ್ ಊರಿನ ಸ್ಟುಡಿಯೋ ಇಪ್ಸಿಲಾನ್ ತಂಡ ಸೇರಿದ್ರು, ತಂಡ 1978ರಲ್ಲಿ ಪ್ರಾಗ್‌ಗೆ ಬಂತು, ಇವರೂ ಜೊತೆಗೇ ಬಂದ್ರು. ಯಾನ್ ಶ್ಮಿದ್ ಕಟ್ಟಿದ ಆ ತಂಡದಲ್ಲಿ ನಟರೇ ಹಾಡ್ಬೇಕು, ವಾದ್ಯ ನುಡಿಸ್ಬೇಕು, ಸ್ಟೇಜ್ ಮೇಲೇ ಏನಾದ್ರೂ ಹೊಸದು ಹುಟ್ಟಿಸ್ಬೇಕು. ಮಾರ್ಜ್ ಬಂದಿದ್ದು ಅಲ್ಲಿಂದ್ಲೇ ಅಂತ ನನ್ನ ಲೆಕ್ಕ, ಗಂಡಸು ಹೆಂಗಸು ಮುದುಕ ಅಂತೆಲ್ಲ ನೋಡ್ತಾ ಕೂತ್ರೆ ಅಂಥಾ ತಂಡದಲ್ಲಿ ಒಂದು ವಾರ ಬಾಳಿಕೆ ಬರಲ್ಲ.

ಆದ್ರೆ ಚೆಕ್ ಮಕ್ಕಳಿಗೆ ಅವರು ಮೊದ್ಲು ರುಂಬುರಾಕ್. ‘ಅರಾಬೆಲಾ’ ಅಂತ 13 ಕಂತಿನ ಟೀವಿ ಸೀರಿಯಲ್, ಕಥೆಗಳ ಲೋಕದ ರಾಜಕುಮಾರಿ ನಮ್ಮಂಥವರ ಲೋಕಕ್ಕೆ ಬರೋ ಕಥೆ, ಅದರಲ್ಲಿ ಇವರು ಎರಡನೇ ದರ್ಜೆ ಮಾಂತ್ರಿಕ. ಎರಡನೇ ದರ್ಜೆ ಅನ್ನೋದೇ ಪಾತ್ರದ ಜೀವ ಅನ್ಸುತ್ತೆ ನಂಗೆ, ಪ್ರಮೋಷನ್ ಸಿಗದ ಗುಮಾಸ್ತನ ಥರ ಒಳಗೊಳಗೇ ಕುದೀತಾ ಇರೋ ವಿಲನ್. 1984ರಲ್ಲಿ ಆ ಪಾತ್ರದ ಹೆಸರಲ್ಲೇ ಒಂದು ಸಿನಿಮಾನೂ ಬಂತು. ಆಮೇಲೆ ಕಾಫ್ಕಾ ಕಾದಂಬರಿ ಆಧಾರಿತ ‘ಅಮೆರಿಕ’ ಸಿನಿಮಾದ ಪೋಷಕ ಪಾತ್ರಕ್ಕೆ ಚೆಕ್ ಲಯನ್ ಪ್ರಶಸ್ತಿ.

ನಂಗೆ ಇದೆಲ್ಲಕ್ಕಿಂತ ಇಷ್ಟ ರೇಡಿಯೋದ ಕೆಲ್ಸ. ಓಲ್ಡ್ರಿಖ್ ಕೈಸರ್ ಅಂತ ಇನ್ನೊಬ್ಬ ನಟ, ಇವರ ಜೋಡಿ, ಇಬ್ಬರೇ ಕೂತು ಒಂದು ಇಡೀ ಕುಟುಂಬದ ಎಲ್ಲಾ ಪಾತ್ರ ಮಾಡ್ತಾರೆ. ಚೆಕ್ ಒಂದಕ್ಷರ ಬರದಿದ್ರೂ ಈಗ ಮಾತಾಡಿದ್ದು ಹೆಂಗಸಾ ಗಂಡಸಾ, ಯಾರಿಗೆ ರೇಗಿದ್ದು ಅಂತ ಗೊತ್ತಾಗ್ಬಿಡುತ್ತೆ, ಸಿಕ್ರೆ ಕೇಳಿ.