ಚುಕ್ಕಿ ಕಾಣಿಸ್ತಿಲ್ಲ: ಒಂದು ಆರ್‌ಎಂಎ ಕಥೆ

"ಇದು ನನ್ನ ಮೊದಲ ಪಿಸಿಸಿ. ಯಾವ ಆಪ್ಟಿಕ್ ತಗೊಳ್ಳಲಿ?"

ನಮ್ಮ ಕಸ್ಟಮರ್ ಸಪೋರ್ಟ್ ಕ್ಯೂಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಕೇಳುವವರು ಅಮೆರಿಕದಲ್ಲಿರುತ್ತಾರೆ. ಉತ್ತರ ಹೇಳುವ ನಾನು ಹಾಸನದಲ್ಲಿ, ಸಾಲಗಾಮೆ ರಸ್ತೆ ಕಡೆ ನಮ್ಮ ಮನೆಯ ಮಹಡಿ ರೂಮಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂತಿರುತ್ತೇನೆ. ಸಂಜೆ ಆರೂವರೆಗೆ ಲಾಗಿನ್, ಕೋಳಿ ಕೂಗುವ ಹೊತ್ತಿಗೆ ಲಾಗೌಟ್. ನಮ್ಮ ಕ್ಲೈಂಟ್ ಮಾರುವುದು ಬಂದೂಕಿನ ಮೇಲೆ ಕೂರಿಸುವ ಆಪ್ಟಿಕ್ಕು, ಅಂದರೆ ಗುರಿ ಹಿಡಿಯುವ ಸ್ಕೋಪು, ಗಾಜಿನಲ್ಲಿ ಕೆಂಪು ಚುಕ್ಕಿ ತೋರಿಸುವ ರೆಡ್ ಡಾಟು. ಜೊತೆಗೆ ಅವನ್ನು ಕೂರಿಸುವ ಮೌಂಟು. ಬಂದೂಕು ಮಾರುವುದಿಲ್ಲ. ಪಕ್ಕದ ಮನೆ ಆಂಟಿಗೆ ಇದನ್ನು ಎಷ್ಟು ಸಲ ಹೇಳಿದರೂ ಅಷ್ಟೇ. "ಆ ಹುಡುಗಿ ಗನ್ ಕಂಪನೀಲಿದಾಳೆ" ಅಂತ ಬೀದಿಗೆಲ್ಲ ಸುದ್ದಿ ಮುಟ್ಟಿಯಾಗಿದೆ.

ಪಿಸಿಸಿ (ಪಿಸ್ಟಲ್ ಕ್ಯಾಲಿಬರ್ ಕಾರ್ಬೈನ್) ಅಂದರೆ ಪಿಸ್ತೂಲಿನ ಗುಂಡು ಹಾರಿಸುವ ಉದ್ದ ಕೋವಿ. ಹೆಚ್ಚಾಗಿ 9 ಎಂಎಂ. ಅಮೆರಿಕದಲ್ಲಿ ರೈಫಲ್ ನಳಿಗೆ 16 ಇಂಚಿಗಿಂತ ಗಿಡ್ಡವಾದರೆ 1934ರ ಎನ್‌ಎಫ್‌ಎ ಕಾಯ್ದೆಯ ಕೆಳಗೆ ಬೇರೆ ರಿಜಿಸ್ಟ್ರೇಶನ್ ಬೇಕು. ಅದಕ್ಕೇ ಅಲ್ಲಿನ ಪಿಸಿಸಿಗಳಲ್ಲಿ ಹೆಚ್ಚಿನವು 16 ಇಂಚಿನ ಆಸುಪಾಸು ಇರುತ್ತವೆ. ದೊಡ್ಡ ರೈಫಲ್‌ಗಿಂತ ಗುಂಡು ಅಗ್ಗ, ಸದ್ದು ಕಡಿಮೆ. ಯುಎಸ್‌ಪಿಎಸ್‌ಎ ಅನ್ನುವ ಅಲ್ಲಿನ ಶೂಟಿಂಗ್ ಸಂಸ್ಥೆಯ ಪಂದ್ಯಗಳಲ್ಲಿ ಇದಕ್ಕೇ ಅಂತ ಒಂದು ವಿಭಾಗ ಇದೆ. ನಮ್ಮ ದೇಶದಲ್ಲಿ 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಅಳತೆ), ನಮ್ಮಂಥವರ ಕೈಗೆ ಬರುವ ಮಾತೇ ಇಲ್ಲ. ನಾನು ಒಂದನ್ನೂ ಮುಟ್ಟಿ ನೋಡಿಲ್ಲ. ನಮ್ಮ ಟೀಮಿನಲ್ಲಿ ಯಾರೂ ಮುಟ್ಟಿಲ್ಲ. ಟ್ರೇನಿಂಗ್ ಅಂದರೆ ಪಿಪಿಟಿ, ಒಂದಷ್ಟು ವಿಡಿಯೋ, ಕೊನೆಗೆ ಕ್ವಿಝ್. ಕ್ವಿಝ್ ಪಾಸಾದ ಮೇಲೆ ನಾವೆಲ್ಲ ಎಕ್ಸ್‌ಪರ್ಟು.

ಈ ಪ್ರಶ್ನೆಗೆ ಒಂದು ಮ್ಯಾಕ್ರೋ ಇದೆ. ಶಾರ್ಟ್‌ಕಟ್ ಒತ್ತಿದರೆ ಉತ್ತರ ತಾನಾಗಿ ಬಂದು ಕೂರುತ್ತದೆ: 2 ಎಂಒಎ (ಚುಕ್ಕಿಯ ಗಾತ್ರದ ಅಳತೆ) ಮೈಕ್ರೋ ರೆಡ್ ಡಾಟು, ಜೊತೆಗೆ ಅದನ್ನು ಎತ್ತರಿಸುವ ಲೋವರ್ ಥರ್ಡ್ ರೈಸರ್, ಎರಡೂ ಸೇರಿ ಬಂಡಲ್ ಬೆಲೆ. ಬಂಡಲ್ ಅಟ್ಯಾಚ್ ಆದರೆ, ಅಂದರೆ ಮಾರಾಟವಾದರೆ, ನಮ್ಮ ಸ್ಕೋರ್‌ಕಾರ್ಡ್‌ನಲ್ಲಿ ಹಸಿರು. ಆಗದಿದ್ದರೆ ಸೋಮವಾರದ ಹಡಲ್ ಮೀಟಿಂಗ್‌ನಲ್ಲಿ ಟಿಎಲ್ (ಟೀಮ್ ಲೀಡರ್) ನಿಮ್ಮ ಹೆಸರು ಹಿಡಿದು ಪ್ರೀತಿಯಿಂದ ವಿಚಾರಿಸುತ್ತಾರೆ.

ಮ್ಯಾಕ್ರೋ ಪೂರ್ತಿ ತಪ್ಪು ಅಂತಲೂ ಅಲ್ಲ. ಮೊದಲ ಪಿಸಿಸಿ ಕೊಂಡವರಲ್ಲಿ ಅರ್ಧ ಜನ ಎಲ್‌ಪಿವಿಒ ಬೇಕು ಅಂತ ಬರುತ್ತಾರೆ. 1ರಿಂದ 6 ಪಟ್ಟು ದೊಡ್ಡದು ಮಾಡಿ ತೋರಿಸುವ ಸ್ಕೋಪು. ವಿಡಿಯೋದಲ್ಲಿ ಯಾರೋ ಹಾಕಿದ್ದನ್ನು ನೋಡಿರುತ್ತಾರೆ. ಅದು ಅರ್ಧ ಕಿಲೋ ತೂಗುತ್ತದೆ, ಮೇಲೆ ಮೌಂಟಿನ ತೂಕ ಬೇರೆ. 9 ಎಂಎಂ ಗುಂಡು 16 ಇಂಚಿನ ನಳಿಗೆಯಿಂದ ಹೊರಟರೂ ವೇಗ ಸೆಕೆಂಡಿಗೆ ಸಾವಿರದ ಇನ್ನೂರು ಚಿಲ್ಲರೆ ಅಡಿ ಅಷ್ಟೇ. 5.56 ರೈಫಲ್ ಗುಂಡು ಸುಮಾರು ಮೂರು ಸಾವಿರದಲ್ಲಿ ಹೋಗುತ್ತದೆ. 50 ಗಜಕ್ಕೆ ಝೀರೋ ಮಾಡಿದರೆ, ಅಂದರೆ ಚುಕ್ಕಿ ಇಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿದರೆ, 100 ಗಜದಲ್ಲಿ ಆಗಲೇ ಕೆಲವು ಇಂಚು ಕೆಳಗೆ ಬಿದ್ದಿರುತ್ತದೆ. ಅದರಾಚೆ ಸ್ಕೋಪಿನಲ್ಲಿ ಎಷ್ಟು ದೊಡ್ಡದಾಗಿ ಕಂಡರೂ ಗುಂಡಿಗೆ ಅದರಿಂದ ಏನೂ ಆಗಬೇಕಾಗಿಲ್ಲ. 2 ಎಂಒಎ ಚುಕ್ಕಿ 100 ಗಜದಲ್ಲಿ ಸುಮಾರು ಎರಡು ಇಂಚು ಮುಚ್ಚುತ್ತದೆ, 25 ಗಜದಲ್ಲಿ ಅರ್ಧ ಇಂಚು. ಈ ಕೋವಿಗೆ ಅಷ್ಟು ಸಾಕು. ಬೇಗ ಕಣ್ಣಿಗೆ ಬೀಳಲಿ ಅಂದರೆ 6 ಎಂಒಎ ತಗೊಳ್ಳಬಹುದು, ದೂರಕ್ಕೆ ಅದು ಸ್ವಲ್ಪ ಒರಟು. ಇಷ್ಟನ್ನು ನಾನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ತೊಂದರೆ ಶುರುವಾಗಿದ್ದೂ ಅಲ್ಲೇ.

2024ರ ಏಪ್ರಿಲ್. ಲೋಕಸಭೆ ಚುನಾವಣೆ ಟೈಮು. ಒಹಾಯೋದ ಹಿರಿಯರೊಬ್ಬರು ಚಾಟ್‌ನಲ್ಲಿ ಬಂದರು. ರಿಟೈರ್ ಆಗಿದ್ದಾರೆ, ರೂಗರ್ ಕಂಪನಿಯ ಪಿಸಿ ಕಾರ್ಬೈನ್ ಅನ್ನುವ ಪಿಸಿಸಿ ಕೊಂಡಿದ್ದಾರೆ, ವಾರಾಂತ್ಯ ರೇಂಜ್‌ಗೆ ಹೋಗಿ ಪೇಪರ್ ಟಾರ್ಗೆಟ್‌ಗೆ ಹೊಡೆಯುವ ಆಸೆ. ಕೋವಿಯ ಹೆಸರನ್ನು ಅವರಾಗಿಯೇ ಮೊದಲ ಸಾಲಿನಲ್ಲೇ ಬರೆದಿದ್ದರು. ಅದನ್ನು ಓದಿದ ನೆನಪು ನನಗಿದೆ. ಆದರೆ ಅದರಿಂದ ಉತ್ತರ ಬದಲಾಗಬೇಕು ಅಂತ ಹೊಳೆಯಲಿಲ್ಲ. ಬಜೆಟ್ ಕೇಳಿದೆ, ಬ್ಯಾಟರಿ ಎಷ್ಟು ದಿನ ಬರಬೇಕು ಅಂತ ಕೇಳಿದೆ, ಶಾರ್ಟ್‌ಕಟ್ ಒತ್ತಿದೆ. ಬಂಡಲ್ ಹೋಯಿತು. ಎಎಚ್‌ಟಿ (ಒಬ್ಬ ಗ್ರಾಹಕರಿಗೆ ಹಿಡಿದ ಸಮಯ) ಚೆನ್ನಾಗಿತ್ತು. ಸಿಸ್ಯಾಟ್ (ಗ್ರಾಹಕರು ಕೊಡುವ ಅಂಕ) ಐದಕ್ಕೆ ಐದು. ಟಿಎಲ್ ಗ್ರೂಪಿನಲ್ಲಿ ಚಪ್ಪಾಳೆ ಇಮೋಜಿ ಹಾಕಿದರು.

ಮುಂದಿನ ವಾರ ಅವರದೇ ಕಾಲ್. "ಚುಕ್ಕಿ ಕಾಣಿಸ್ತಿಲ್ಲ. ಕಂಡಾಗಲೂ ದುಂಡಗಿಲ್ಲ, ಅಲ್ಪವಿರಾಮದ ಥರ ಬಾಲ ಬಂದಿದೆ."

"ಕೋವಿ ಎತ್ತಿ ನೋಡಿ, ಈಗ ಕಾಣುತ್ತಾ?" ಅಂದೆ. ಅವರು ಎತ್ತಿ ನೋಡಿದರು. ಕತ್ತು ಚಾಚಿದರೆ ಕಾಣುತ್ತದೆ ಅಂದರು. ಬಾಲ ಬಂದಿದೆ ಅಂದ ಮೇಲೆ ಚುಕ್ಕಿ ಮೂಡಿಸುವ ಎಮಿಟರ್ ಹಾಳಾಗಿರಬೇಕು ಅಂತ ತೀರ್ಮಾನಿಸಿ ಆರ್‌ಎಂಎ ಮಾಡಿದೆ, ಅಂದರೆ ಹಳೆಯದು ವಾಪಸ್ ತರಿಸಿ ಹೊಸ ಪೀಸು ಕಳಿಸಲು ಹಾಕಿದೆ. ಕತ್ತು ಚಾಚುವ ಮಾತು ನನ್ನ ಕಿವಿ ಮೇಲೇ ಹಾದು ಹೋಯಿತು. ಕಾಲ್ ಶುರುವಿನಲ್ಲಿ ಒಂದು ಸೇಫ್ಟಿ ಲೈನ್ ಓದಬೇಕು ಅಂತ ಪ್ರೊಸೆಸ್ಸಿನಲ್ಲಿದೆ. ಗುಂಡು ತುಂಬುವ ಮ್ಯಾಗಝೀನ್ ತೆಗೆದಿರಾ, ಚೇಂಬರ್ (ನಳಿಗೆಯ ಬುಡದಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆಯಾ ಅಂತ ಕೇಳಬೇಕು. ಅದು ನುಂಗುವುದು ಇಪ್ಪತ್ತು ಸೆಕೆಂಡು. ಅವತ್ತು ಕ್ಯೂನಲ್ಲಿ ಕೆಂಪು ಬಣ್ಣ ಇತ್ತು, ಅಂದರೆ ಕಾಯುವವರು ಜಾಸ್ತಿ. ನಾನು ಓದಲಿಲ್ಲ. ಕಾಲ್‌ಗಳ ಗುಣಮಟ್ಟ ನೋಡುವ ಕ್ಯೂಎ ತಂಡಕ್ಕೂ ಆ ಕಾಲ್ ಸಿಗಲಿಲ್ಲ.

ವೀಕ್ಲಿ ಆಫ್ ದಿನ ಸಕಲೇಶಪುರದ ಹಾನುಬಾಳು ಕಡೆ ಮಾವನ ತೋಟಕ್ಕೆ ಹೋಗಿದ್ದೆ. ಮಾವನ ಹತ್ತಿರ ತಾತನ ಕಾಲದ ಜೋಡಿ ನಳಿಗೆ ಕೋವಿ ಇದೆ. ಅದರ ತುದಿಯಲ್ಲಿ ಒಂದು ಹಿತ್ತಾಳೆ ಮಣಿ ಬಿಟ್ಟರೆ ಇನ್ನೇನೂ ಇಲ್ಲ. ಊಟ ಮಾಡುತ್ತಾ ಒಹಾಯೋ ಕಥೆ ಹೇಳಿದೆ. ಹೊಸ ಪೀಸು ಕಳಿಸಿದೀವಿ, ಮುಗೀತು ಅಂದೆ.

"ಕತ್ತು ಚಾಚಿದರೆ ಕಾಣ್ತದೆ ಅಂತಾನಾ?" ಅಂದರು ಮಾವ. "ಹಂಗಾದ್ರೆ ಗಾಜು ಸರಿಯಾಗೇ ಅದೆ ಕಣ್ ಪುಟ್ಟಿ. ಕೆನ್ನೆ ಕೂತಿಲ್ಲ."

ಚುನಾವಣೆ ಅಂತ ಕೋವಿ ಠಾಣೆಯಲ್ಲಿ ಜಮಾ ಆಗಿತ್ತು. ಜಗುಲಿಯಲ್ಲಿದ್ದ ಕೊಡೆ ತಂದರು. ಬಾಗಿದ ಹಿಡಿಯನ್ನು ಭುಜಕ್ಕೆ ಒತ್ತಿ, ಕಡ್ಡಿಗೆ ಕೆನ್ನೆ ಊರಿ, ಒಂದು ಕಣ್ಣು ಕಿರಿದು ಮಾಡಿ ಅಂಗಳದ ಹಲಸಿನ ಮರಕ್ಕೆ ಗುರಿ ಹಿಡಿದರು. "ಕಣ್ಣು ಮುಚ್ಚು. ಕೋವಿ ಎತ್ತು, ಕೆನ್ನೆ ಎಲ್ಲಿ ಹಾಯಾಗಿ ಕೂರ್ತದೋ ಅಲ್ಲಿ ಬಿಡು. ಈಗ ಕಣ್ಣು ಬಿಡು. ಮಣಿ ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ ಹಿಡಿ ನಿಂದಲ್ಲ." ನನಗೂ ಕೊಡೆ ಕೊಟ್ಟು ಮಾಡಿಸಿದರು. ಅತ್ತೆ ಒಳಗಿಂದ, "ಮಳೆ ಬರಂಗದೆ, ಆ ಕೊಡೆ ಮುರೀಬೇಡಿ" ಅಂತ ಕೂಗಿದರು.

ಮಾವನ ಮಾತು ಸರಿ ಅನ್ನಿಸಿತು. ಆದರೆ ಹೊಸ ಪೀಸು ಆಗಲೇ ಹೊರಟಿತ್ತು. ನಾನಾಗಿ ಟಿಕೆಟ್ ರೀಓಪನ್ ಮಾಡಿದರೆ ಅದು ನನ್ನ ಎಫ್‌ಸಿಆರ್‌ಗೆ, ಅಂದರೆ ಮೊದಲ ಸಲಕ್ಕೇ ಬಗೆಹರಿಸಿದ ಲೆಕ್ಕಕ್ಕೆ, ಹೊಡೆತ. ಸುಮ್ನೆ ಇದ್ದೆ.

ಎರಡನೇ ಕಾಲ್ ಬಂದಾಗ ಇಲ್ಲಿ ರಾತ್ರಿ ಹನ್ನೊಂದೂವರೆ. ಅವರಿಗೆ ಮಧ್ಯಾಹ್ನ. ಗುಡುಗು ಶುರುವಾಗಿತ್ತು. ಈ ಸಲ ಅವರ ದನಿ ಮೇಲಿತ್ತು. ಹೊಸ ಪೀಸಿನಲ್ಲೂ ಅದೇ ಬಾಲ, ಅದೇ ಕತ್ತು. ಸೂಪರ್‌ವೈಸರ್ ಬೇಕು ಅಂದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕೀಂ ಕೀಂ ಅನ್ನತೊಡಗಿತು. ನಮ್ಮ ಯುಪಿಎಸ್ ಬ್ಯಾಟರಿ ಮುದಿಯಾಗಿದೆ, ಹೆಚ್ಚು ಹೊತ್ತು ತಾಳುವುದಿಲ್ಲ. ಬದಲಾಯಿಸಲು ರೀಇಂಬರ್ಸ್‌ಮೆಂಟ್ ಕೇಳಿದರೆ ಫಾರ್ಮ್ ಕಳಿಸಿ ಅನ್ನುತ್ತಾರೆ, ಕಳಿಸಿದರೆ ಫಾರ್ಮ್ ಹಳೆಯದು ಅನ್ನುತ್ತಾರೆ. ಸ್ಕ್ರೀನಿನ ಮೂಲೆಯಲ್ಲಿ ಟಿಎಲ್ ಹೆಸರು ಮೂಡಿತು. ನನ್ನ ಕಾಲ್ ಕೇಳಿಸಿಕೊಳ್ಳುತ್ತಿದ್ದಾರೆ. ಚಾಟ್‌ನಲ್ಲಿ ಒಂದೇ ಸಾಲು: "ರೀಫಂಡ್ ಕೊಟ್ಟು ಕ್ಲೋಸ್ ಮಾಡಿ."

"ಸರ್, ಐದು ನಿಮಿಷ ಕೊಡಿ. ಒಂದು ಟೆಸ್ಟ್ ಮಾಡೋಣ" ಅಂದೆ. ಕೊಡೆ ಟೆಸ್ಟಿಗೆ ಕಣ್ಣು ಮುಚ್ಚಿ ಕೋವಿ ಎತ್ತಬೇಕಲ್ಲ, ಅದಕ್ಕೇ ಸೇಫ್ಟಿ ಲೈನ್ ಓದಿದೆ. ಅಷ್ಟಿಲ್ಲದಿದ್ದರೆ ಆವತ್ತೂ ಓದುತ್ತಿದ್ದೆನೋ ಇಲ್ಲವೋ.

"ಮ್ಯಾಗಝೀನ್ ತೆಗೆದಿದೀನಿ. ಖಾಲಿ ಇದೆ" ಅಂದರು.

"ದಯವಿಟ್ಟು ಬೋಲ್ಟ್ ಎಳೆದು ಒಳಗೆ ನೋಡಿ ಹೇಳಿ."

ಒಂದು ನಿಟ್ಟುಸಿರು. ಲೋಹ ಉಜ್ಜುವ ಸದ್ದು. ಆಮೇಲೆ ನೆಲದ ಮೇಲೆ ಏನೋ ಟಣ್ ಅಂತ ಬಿದ್ದು ಉರುಳುತ್ತಾ ಹೋದ ಸದ್ದು. ಹೆಡ್‌ಸೆಟ್‌ನಲ್ಲಿ ಅದು ಎಷ್ಟು ಸ್ಪಷ್ಟವಾಗಿ ಕೇಳಿಸಿತು ಅಂದರೆ ನಾನು ನನ್ನ ಮೇಜಿನ ಕೆಳಗೆ ಬಗ್ಗಿ ನೋಡಿದೆ.

ಅವರು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಯುಪಿಎಸ್ ಮಾತ್ರ ಕೀಂ ಅನ್ನುತ್ತಿತ್ತು. ಕೊನೆಗೆ ಅವರೇ, "ಇದೊಂದು ಒಳಗೇ ಉಳಿದಿತ್ತು" ಅಂದರು. ದನಿ ಪೂರ್ತಿ ಇಳಿದಿತ್ತು. ಆ ಹೊತ್ತಿಗೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಮೊದಲನೇ ಕಾಲ್. "ಕೋವಿ ಎತ್ತಿ ನೋಡಿ" ಅಂತ ಅಷ್ಟು ಹಗುರವಾಗಿ ಹೇಳಿದ್ದೆನಲ್ಲ, ಅವತ್ತು ಒಳಗೆ ಏನಿತ್ತು? ಮನೆಯಲ್ಲಿ ಅವರ ಎದುರಿಗೆ ಯಾರಿದ್ದರು? ರೆಕಾರ್ಡಿಂಗ್ ಆಮೇಲೆ ಹುಡುಕಿ ಕೇಳಿದೆ. ಹಿನ್ನೆಲೆಯಲ್ಲಿ ಟಿವಿ ಸದ್ದು ಇದೆ, ಯಾರೋ ನಗುವ ಸದ್ದೂ ಇದೆ.

ಗುಂಡುಗಳನ್ನೆಲ್ಲ ಬೇರೆ ರೂಮಿನಲ್ಲಿಟ್ಟು ಬರಲು ಹೇಳಿದೆ. ಬಂದರು. ಚೇಂಬರ್ ಇನ್ನೊಮ್ಮೆ ನೋಡಿಸಿದೆ. ಗೋಡೆ ಕಡೆ ತಿರುಗಿಸಿ, ಆ ಗೋಡೆಯ ಆಚೆ ಏನಿದೆ ಅಂತಲೂ ಕೇಳಿದೆ. ಗ್ಯಾರೇಜ್ ಇದೆ, ಯಾರೂ ಇಲ್ಲ ಅಂದರು. ಕಣ್ಣು ಮುಚ್ಚಿಸಿದೆ. ಎತ್ತಿಸಿದೆ. ಕಣ್ಣು ಬಿಡಿಸಿದೆ.

"ಏನು ಕಾಣ್ತಿದೆ ಸರ್?"

"ಮೌಂಟಿನ ಹಿಂಭಾಗ. ಬರೀ ಕರಿ ಲೋಹ."

ಅಲ್ಲಿಗೆ ಮಾವ ಗೆದ್ದರು. ಲೋವರ್ ಥರ್ಡ್ ರೈಸರ್ ಇರುವುದು ಎಆರ್-15 ರೈಫಲ್ ಮಾದರಿಗೆ. ಅದರ ಹಿಡಿ (ಭುಜಕ್ಕೆ ಒತ್ತುವ ಹಿಂಭಾಗ) ನಳಿಗೆಯ ನೇರಕ್ಕೇ ಇರುತ್ತದೆ, ಕೆನ್ನೆ ಎತ್ತರದಲ್ಲಿ ಕೂರುತ್ತದೆ, ಹಾಗಾಗಿ ರೆಡ್ ಡಾಟೂ ಕೋವಿಯ ಮೇಲಿನ ಪಟ್ಟಿಯಿಂದ (ರೈಲು) ಒಂದೂವರೆ ಇಂಚಿಗಿಂತ ಜಾಸ್ತಿ ಎತ್ತರ ಬೇಕು. ಪಿಸಿ ಕಾರ್ಬೈನಿನ ಸಾಮಾನ್ಯ ಮಾದರಿಯ ಹಿಡಿ ಹಳೇ ಕಾಲದ ರೈಫಲ್ ಥರ ಕೆಳಗಿಳಿದಿರುತ್ತದೆ. ಅದರ ಮೇಲೆ ನಮ್ಮ ಬಂಡಲ್ ಕೂರಿಸಿದರೆ ಕೆನ್ನೆ ಬಿಟ್ಟು ಗದ್ದ ಊರಬೇಕು. ಅಂಥ ಕೋವಿಗೆ ತೀರಾ ತಗ್ಗಿನ ಮೌಂಟು ಬೇಕು. ಅದು ಆ ರೆಡ್ ಡಾಟಿನ ಡಬ್ಬಿಯಲ್ಲೇ ಬಂದಿರುತ್ತದೆ! ರೈಸರ್ ಹಾಕುವ ಭರದಲ್ಲಿ ಅದನ್ನು ಅವರು ಡ್ರಾಯರ್‌ನಲ್ಲಿ ಎಸೆದಿದ್ದರು. ರೈಸರಿಗೆ ದುಡ್ಡು ಕೊಟ್ಟು ತೊಂದರೆ ಕೊಂಡಿದ್ದರು, ಕೊಡಿಸಿದವಳು ನಾನು.

ಇನ್ನು ಬಾಲದ ಕಥೆ. ಬ್ರೈಟ್‌ನೆಸ್ ಇಳಿಸಲು ಹೇಳಿದೆ. ಮನೆಯೊಳಗೆ ಫುಲ್ ಇಟ್ಟರೆ ಎಂಥ ಚುಕ್ಕಿಯೂ ಒಡೆದು ಕಾಣುತ್ತದೆ. ಸ್ವಲ್ಪ ಕಡಿಮೆಯಾಯಿತು, ಬಾಲ ಹೋಗಲಿಲ್ಲ. ಫೋನ್ ಕ್ಯಾಮೆರಾವನ್ನು ರೆಡ್ ಡಾಟಿನ ಗಾಜಿನ ಹಿಂದೆ ಹಿಡಿದು ಫೋಟೋ ತೆಗೆಯಿರಿ ಅಂದೆ. ಮೇಲ್‌ನಲ್ಲಿ ಬಂತು. ಗುಂಡುಸೂಜಿ ತಲೆಯಷ್ಟು ದುಂಡಗೆ, ಕೆಂಪಗೆ, ಒಂದು ಕೊಂಚವೂ ಬಾಲ ಇಲ್ಲ. ಕ್ಯಾಮೆರಾಗೆ ದುಂಡಗೆ ಕಂಡು ಕಣ್ಣಿಗೆ ಸೊಟ್ಟ ಕಂಡರೆ ಹೆಚ್ಚಾಗಿ ಅದು ಅಸ್ಟಿಗ್ಮ್ಯಾಟಿಸಂ, ಕಣ್ಣಿನ ದೋಷ.

"ನಿಮಗೆ ಕನ್ನಡಕ ಇದೆಯಾ ಸರ್?"

"ಇದೆ. ರೇಂಜ್‌ಗೆ ಹೋಗುವಾಗ ತೆಗೆದು ಶೂಟಿಂಗ್ ಗ್ಲಾಸ್ ಹಾಕ್ತೀನಿ."

"ಈಗ ಯಾವುದು ಹಾಕಿದೀರಿ?"

"ಶೂಟಿಂಗ್ ಗ್ಲಾಸ್. ಕೋವಿ ಎತ್ತುವಾಗ ಅದು ರೂಢಿ."

ಗುಂಡು ತುಂಬಿದ ಕೋವಿ ಮನೆಯಲ್ಲಿಟ್ಟುಕೊಂಡು ಈ ಶಿಸ್ತು! ನಗು ತಡೆದುಕೊಂಡೆ. ಅವರ ಕನ್ನಡಕ ಹಾಕಿಸಿದೆ. ಚುಕ್ಕಿ ದುಂಡಗಾಯಿತು. ಹಿಂದಿನ ಪೀಸಿನಲ್ಲೂ ಏನೂ ಕೆಟ್ಟಿರಲಿಲ್ಲ, ಅದು ಆರ್‌ಎಂಎ ಗೋದಾಮಿನಲ್ಲಿ ಸುಮ್ನೆ ಕೂತಿತ್ತು. ಪವರ್ ಇರುವ ಶೂಟಿಂಗ್ ಗ್ಲಾಸ್ ಮಾಡಿಸಿ, ಇಲ್ಲವೇ ಕನ್ನಡಕದ ಮೇಲೆ ಹಾಕುವಂಥದ್ದು ತಗೊಳ್ಳಿ ಅಂದೆ. ಕನ್ನಡಕ ಹಾಕಿದರೂ ಸರಿ ಹೋಗದವರಿಗೆ ಪ್ರಿಸಂ ಸೈಟ್ ಇದೆ. ಅದರಲ್ಲಿ ಗುರುತನ್ನು ಗಾಜಿನ ಮೇಲೇ ಕೊರೆದಿರುತ್ತಾರೆ, ಕಣ್ಣಿಗೆ ತಕ್ಕಂತೆ ಫೋಕಸ್ ತಿರುಗಿಸಬಹುದು, ಬ್ಯಾಟರಿ ಸತ್ತರೂ ಗುರುತು ಕಾಣುತ್ತದೆ. ಆದರೆ ಕಣ್ಣನ್ನು ಗಾಜಿನಿಂದ ಇಷ್ಟೇ ದೂರದಲ್ಲಿ ಇಡಬೇಕು ಅನ್ನುವ ಕಟ್ಟು ಇರುತ್ತದೆ. ಇವರಿಗೆ ಅದು ಬೇಕಾಗಲಿಲ್ಲ.

ಯುಪಿಎಸ್ ಸಾಯುವ ಮುಂಚೆ ಕಾಲ್ ಮುಗಿಯಿತು. ಎಎಚ್‌ಟಿ ನಲವತ್ತು ನಿಮಿಷ ದಾಟಿತ್ತು. ರೈಸರ್ ರಿಟರ್ನ್ ಆಗಿ, ಬಂಡಲ್ ಮುರಿದು ನನ್ನ ಅಟ್ಯಾಚ್ ರೇಟ್ ಮೈನಸ್. ತಿಂಗಳ ಇನ್ಸೆಂಟಿವ್ ಹೋಯಿತು. ಟಿಎಲ್ ಮರುದಿನ, "ಕಾಲ್ ಚೆನ್ನಾಗಿತ್ತು, ಆದರೆ ಸ್ವಲ್ಪ ಉದ್ದ ಆಯ್ತು ಅಲ್ವಾ" ಅಂದರು. ಉರುಳಿದ ಗುಂಡಿನ ಬಗ್ಗೆ ಒಂದು ಮಾತಿಲ್ಲ.

ಈಗ ನಾನು ಮ್ಯಾಕ್ರೋ ಒತ್ತುವ ಮುಂಚೆ ನನ್ನದೇ ನೋಟ್‌ಪ್ಯಾಡ್ ತೆರೆಯುತ್ತೇನೆ. ಕೋವಿ ಯಾವ ಮಾಡೆಲ್, ಹಿಡಿ ನೇರವೋ ಇಳಿದಿದೆಯೋ. ಕನ್ನಡಕ ಇದೆಯಾ, ಹೊಡೆಯುವಾಗ ಹಾಕ್ತೀರಾ. ಮಡಚುವ ಕೋವಿಯಾ? ಕೆಲ್‌ಟೆಕ್ ಸಬ್ 2000ದ ಹಳೇ ಮಾದರಿಗಳಲ್ಲಿ ನಳಿಗೆ ಹಿಂದಕ್ಕೆ ಮಡಚಿ ಮೇಲೆ ಬಂದು ಕೂರುತ್ತದೆ, ಅಲ್ಲಿ ಆಪ್ಟಿಕ್ ಇದ್ದರೆ ಮಡಚಲು ಬರುವುದಿಲ್ಲ, ಮಡಚುವುದಕ್ಕೇ ಕೊಂಡವರು ಬೈಯುತ್ತಾರೆ. ಬ್ಲೋಬ್ಯಾಕ್ (ಗುಂಡು ಸಿಡಿದ ಒತ್ತಡಕ್ಕೇ ಬೋಲ್ಟು ಹಿಂದೆ ಸರಿಯುವ ಕೋವಿ) ಆದರೆ ಭಾರದ ಬೋಲ್ಟು ಹಿಂದೆ ಮುಂದೆ ಬಡಿದು ಚೆನ್ನಾಗಿ ಅಲುಗಾಡಿಸುತ್ತದೆ, ಸ್ಕ್ರೂಗೆ ನೀಲಿ ಥ್ರೆಡ್‌ಲಾಕರ್ (ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ, ಕಂಪನಿ ಹೇಳಿದಷ್ಟೇ ಬಿಗಿ ಮಾಡಿ. ಆಪ್ಟಿಕ್ ನಳಿಗೆಗಿಂತ ಎರಡೂವರೆ ಇಂಚು ಮೇಲಿದ್ದರೆ ಹತ್ತಿರದ ಗುರಿಗೆ ಗುಂಡು ಚುಕ್ಕಿಗಿಂತ ಕೆಳಗೇ ಬೀಳುತ್ತದೆ, ಅದಕ್ಕೆ ಡಿಫೆಕ್ಟ್ ಅಂತ ಟಿಕೆಟ್ ಹಾಕಬೇಡಿ. ಸೇಫ್ಟಿ ಲೈನ್ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿದೆ. ಚೇಂಬರ್ ಕಣ್ಣಾರೆ ನೋಡಿದೆ ಅಂತ ಅವರ ಬಾಯಲ್ಲೇ ಬರುವವರೆಗೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಕ್ಯೂ ಯಾವ ಬಣ್ಣಕ್ಕಾದರೂ ತಿರುಗಲಿ.

ಇದನ್ನೇ ಟೀಮಿನವರೆಲ್ಲ ನೋಡುವ ಕೆಬಿ (ನಾಲೆಜ್ ಬೇಸ್) ಆರ್ಟಿಕಲ್ ಮಾಡಿ ಸಬ್ಮಿಟ್ ಮಾಡಿದೆ. ಉದ್ದ ಜಾಸ್ತಿ, ಬಂಡಲ್ ಲಿಂಕ್ ಇಲ್ಲ ಅಂತ ವಾಪಸ್ ಬಂತು. ಗಿಡ್ಡ ಮಾಡಿ ಕಳಿಸಿದೆ, ಅದಿನ್ನೂ ರಿವ್ಯೂನಲ್ಲಿದೆ. ಮ್ಯಾಕ್ರೋ ಹಾಗೇ ಇದೆ. ಹೊಸದಾಗಿ ಸೇರಿದವರಿಗೆ ನೋಟ್‌ಪ್ಯಾಡ್ ಫೈಲನ್ನೇ ವಾಟ್ಸಾಪ್ ಮಾಡುತ್ತೇನೆ. ಫೈಲಿನ ಹೆಸರು 'ಮಾವ'.