ಇಷ್ಟು ವರ್ಷ ಏನು ಮಾಡುತ್ತಿದ್ದರು?

ಕಳೆದ ಭಾನುವಾರ, 2025ರ ಜುಲೈ 6ರಂದು, ಸಿಲ್ವರ್‌ಸ್ಟೋನ್‌ನಲ್ಲಿ ಫಾರ್ಮುಲಾ ಒನ್ ಕಾರು ರೇಸ್ ಬ್ರಿಟಿಷ್ ಗ್ರ್ಯಾನ್ ಪ್ರಿ ಮುಗಿದು ವಿಜೇತರು ಕಾರುಗಳಿಂದ ಇಳಿಯುತ್ತಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ಅಕ್ಕನ ಮಗ ಕೇಳಿದ: ‘ಮಾವ, ಆ ಮೂರನೆಯವರು ಹೊಸಬರಾ?’ ಅಲ್ಲಪ್ಪ, ಅವರ ಹೆಸರು ನಿಕೊ ಹುಲ್ಕೆನ್‌ಬರ್ಗ್, 2010ರಿಂದ ಓಡಿಸುತ್ತಿದ್ದಾರೆ, ಇದು ಅವರ 239ನೇ ರೇಸ್, ಮೊದಲ ಮೂವರಲ್ಲಿ ಒಬ್ಬರಾಗಿ ನಿಂತದ್ದು ಮಾತ್ರ ಇದೇ ಮೊದಲು ಎಂದೆ. ಅವನು ನನ್ನ ಮುಖ ನೋಡಿ, ‘ಹಾಗಾದ್ರೆ ಇಷ್ಟು ವರ್ಷ ಏನು ಮಾಡ್ತಿದ್ರು?’ ಎಂದ.

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಆದರೂ ಆ ಪ್ರಶ್ನೆ ಈ ವಾರವೆಲ್ಲ ನನ್ನನ್ನು ಬಿಟ್ಟಿಲ್ಲ.

ಅಂದು ಗೆದ್ದವರು ಲ್ಯಾಂಡೊ ನಾರಿಸ್. ತವರಿನಲ್ಲಿ ಅವರಿಗೆ ಅದು ಮೊದಲ ಗೆಲುವು, ಅದರ ಸಂಭ್ರಮ ಅವರಿಗೆ ಸಲ್ಲಬೇಕಾದದ್ದೇ. ಆದರೆ ರೇಸನ್ನು ಬಹುಪಾಲು ಮುನ್ನಡೆಸಿದವರು ಅದೇ ಮೆಕ್ಲಾರೆನ್ ತಂಡದ ಆಸ್ಕರ್ ಪಿಯಾಸ್ಟ್ರಿ. ಅಪಾಯವಿದ್ದಾಗ ಎಲ್ಲರ ವೇಗ ತಗ್ಗಿಸಲು ಮುಂದೆ ಓಡುವ ಸೇಫ್ಟಿ ಕಾರಿನ ಹಿಂದೆ ಬರುವಾಗ ಅವರು ಗಂಟೆಗೆ 218 ಕಿ.ಮೀ.ನಿಂದ 52 ಕಿ.ಮೀ.ಗೆ ಒಮ್ಮೆಲೇ ಬ್ರೇಕ್ ಒತ್ತಿದ್ದಕ್ಕೆ 10 ಸೆಕೆಂಡುಗಳ ದಂಡ ಬಿತ್ತು, ಗೆಲುವು ಅಲ್ಲಿಯೇ ಜಾರಿತು. ದಂಡ ತುಸು ಹೆಚ್ಚಾಯಿತೆಂದು ನನಗೂ ಅನ್ನಿಸಿತು. ಆದರೆ ಸ್ಥಾನ ಅದಲುಬದಲು ಮಾಡಿಕೊಡಿ ಎಂಬ ಅವರ ಕೋರಿಕೆಯನ್ನು ತಂಡ ಒಪ್ಪದಿದ್ದದ್ದು ಸರಿಯಾದ ನಿರ್ಧಾರ, ಏಕೆಂದರೆ ದಂಡ ವಿಧಿಸಿದ್ದು ತಂಡವಲ್ಲ, ಅದರ ಲಾಭ ಪಡೆದ ನಾರಿಸ್ ಯಾವ ತಪ್ಪನ್ನೂ ಮಾಡಿರಲಿಲ್ಲ. ಮೊದಲ ಸ್ಥಾನದಿಂದ ಹೊರಟಿದ್ದ ರೆಡ್ ಬುಲ್‌ನ ವೆರ್ಸ್ಟಪ್ಪನ್ ರೇಸ್ ಮರಳಿ ಆರಂಭವಾಗುವಾಗ ಗಿರಕಿ ಹೊಡೆದು, ಕೊನೆಗೆ ಐದನೆಯವರಾದರು. ಟ್ರ್ಯಾಕ್ ಇನ್ನೂ ಒದ್ದೆಯಿದ್ದಾಗಲೇ ಒಣ ಟ್ರ್ಯಾಕಿಗೆಂದೇ ಇರುವ ‘ಒಣ ಟೈರ್’ ಹಾಕಿಕೊಳ್ಳಲು ಆತುರಪಟ್ಟವರಲ್ಲಿ ಹಲವರು ಹಿಂದೆ ಬಿದ್ದರು. ಹುಲ್ಕೆನ್‌ಬರ್ಗ್ ಅವರ ಸೌಬರ್ ತಂಡದ ಯುವ ಜೊತೆಗಾರ ಬೊರ್ಟೊಲೆಟೊ ಆರಂಭದಲ್ಲೇ ಹೊರಬಿದ್ದದ್ದೂ ಹೀಗೆಯೇ.

ಹುಲ್ಕೆನ್‌ಬರ್ಗ್ ಹೊರಟದ್ದು 19ನೇ ಸ್ಥಾನದಿಂದ. ಸೌಬರ್ ಕಳೆದ ವರ್ಷ ಇಡೀ ಋತುವಿನಲ್ಲಿ ಗಳಿಸಿದ್ದು ನಾಲ್ಕೇ ಅಂಕ. ಅಂಥ ತಂಡ ಅಂದು ಟೈರ್ ಬದಲಿಸುವ ಗಳಿಗೆಯನ್ನು ಒಂದು ಬಾರಿಯೂ ತಪ್ಪಲಿಲ್ಲ. ಜೋರು ಮಳೆ ಸುರಿಯುವ ಮುನ್ನವೇ ಹುಲ್ಕೆನ್‌ಬರ್ಗ್ ಒದ್ದೆ ಟ್ರ್ಯಾಕಿಗೆ ಒಗ್ಗುವ ಹೊಸ ಇಂಟರ್‌ಮೀಡಿಯೆಟ್ ಟೈರ್ ಹಾಕಿಸಿಕೊಂಡಿದ್ದರು. ಕೊನೆಯಲ್ಲಿ ಹಿಂದೆ ಬೆನ್ನಟ್ಟುತ್ತಿದ್ದವರು ಫೆರಾರಿಯ ಲೂಯಿಸ್ ಹ್ಯಾಮಿಲ್ಟನ್, ಅದೂ ಅವರದೇ ತವರಿನ ಪ್ರೇಕ್ಷಕರ ಮುಂದೆ. ಹ್ಯಾಮಿಲ್ಟನ್ ಒಣ ಟೈರಿಗಾಗಿ ಒಂದು ಲ್ಯಾಪ್ (ಸುತ್ತು) ಮೊದಲೇ ಪಿಟ್‌ಗೆ, ಅಂದರೆ ಟೈರ್ ಬದಲಿಸುವ ಜಾಗಕ್ಕೆ, ಬಂದು, ಇನ್ನೂ ಆರದ ತಿರುವುಗಳಲ್ಲಿ ಜಾರಿ ಸಮಯ ಕಳೆದುಕೊಂಡರು. ಹುಲ್ಕೆನ್‌ಬರ್ಗ್ ಇನ್ನೊಂದು ಲ್ಯಾಪ್ ಕಾದರು. ಅವರು ಪಿಟ್‌ನಿಂದ ಹೊರಬಂದಾಗ ಹಿಂದೆ ಬರುವ ಹ್ಯಾಮಿಲ್ಟನ್‌ರ ಕೆಂಪು ಕಾರು ಸಾಕಷ್ಟು ದೂರದಲ್ಲಿತ್ತು. ಆ ಒಂದು ಲ್ಯಾಪ್‌ನ ತಾಳ್ಮೆ ನನ್ನ ಕಣ್ಣಿನಿಂದ ಮಾಸಿಲ್ಲ.

ಹುಡುಗನ ಪ್ರಶ್ನೆಗೆ ನಾನು ಅಂದೇ ಕೊಡಬೇಕಾಗಿದ್ದ ಉತ್ತರ ಅಲ್ಲಿತ್ತು. ಇಷ್ಟು ವರ್ಷ ಅವರು ಇದನ್ನೇ ಮಾಡುತ್ತಿದ್ದರು. 2010ರಲ್ಲಿ, ಮೊದಲ ಋತುವಿನಲ್ಲೇ, ಬ್ರೆಜಿಲ್‌ನ ಅರೆಒದ್ದೆ ಟ್ರ್ಯಾಕಿನಲ್ಲಿ ವಿಲಿಯಮ್ಸ್ ಕಾರನ್ನು ಪೋಲ್ ಸ್ಥಾನಕ್ಕೆ, ಅಂದರೆ ಎಲ್ಲರಿಗಿಂತ ಮುಂದೆ ಹೊರಡುವ ಸ್ಥಾನಕ್ಕೆ, ಏರಿಸಿದವರಿಗೆ ಮರುವರ್ಷ ಓಡಿಸಲು ಸೀಟೇ ಇರಲಿಲ್ಲ, ಮೀಸಲು ಚಾಲಕರಾಗಿ ಕಾದರು. 2015ರಲ್ಲಿ ಪೋರ್ಷೆ ತಂಡದೊಂದಿಗೆ ಲ ಮಾನ್‌ನ 24 ಗಂಟೆಗಳ ರೇಸ್ ಗೆದ್ದರು. 2019ರ ನಂತರ ಮೂರು ವರ್ಷ ಸ್ವಂತ ಸೀಟಿಲ್ಲದೆ, ಯಾರಿಗೋ ಅನಾರೋಗ್ಯವಾದಾಗ ಕರೆ ಬಂದರೆ ಹೋಗಿ ಓಡಿಸಿ ಬರುತ್ತಿದ್ದರು. ನಡುಪಂಕ್ತಿಯ ಕಾರಿನಲ್ಲಿ ಹನ್ನೊಂದನೆಯವರಾಗುವ ಬದಲು ಎಂಟನೆಯವರಾಗಲು ಚಾಲಕ ಪಡುವ ಪಾಡನ್ನು ಕ್ಯಾಮೆರಾ ತೋರಿಸುವುದೇ ಅಪರೂಪ, ಹಾಗಾಗಿ ನಮ್ಮ ಲೆಕ್ಕಕ್ಕೆ ಅದು ಬರುವುದೇ ಇಲ್ಲ. ಹೇಳಬೇಕೆಂದರೆ, ನಾನು ಕೂಡ ಹಲವು ವರ್ಷ ಫಲಿತಾಂಶದ ಪಟ್ಟಿಯಲ್ಲಿ ಅವರ ಹೆಸರನ್ನು ದಾಟಿ ಮುಂದೆ ಹೋದವನೇ. ನನ್ನ ಸುತ್ತ ದಿನವೂ ಕಾಣುವವರ ಪೈಕಿ ಎಷ್ಟು ಜನರ ವರ್ಷಗಳನ್ನು ಹೀಗೆಯೇ ಖಾಲಿಯೆಂದು ಎಣಿಸಿರಬಹುದು ಎಂಬ ಯೋಚನೆ ಬಂದಾಗಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ.

ನಿನ್ನೆ ಸಂಜೆ ಹುಡುಗನನ್ನು ಕೂರಿಸಿಕೊಂಡು 2012ರ ಬ್ರೆಜಿಲ್ ರೇಸಿನ ತುಣುಕು ತೋರಿಸಿದೆ. ಫೋರ್ಸ್ ಇಂಡಿಯಾ ಕಾರಿನಲ್ಲಿ ಅಷ್ಟು ಹೊತ್ತು ಮುಂದಿದ್ದ ಹುಲ್ಕೆನ್‌ಬರ್ಗ್, ಕೈತಪ್ಪಿದ ಮೊದಲ ಸ್ಥಾನವನ್ನು ಮರಳಿ ಪಡೆಯಲು ಹ್ಯಾಮಿಲ್ಟನ್ ಪಕ್ಕಕ್ಕೆ ನುಗ್ಗುತ್ತಾರೆ, ಕಾರು ಜಾರಿ ಢಿಕ್ಕಿಯಾಗುತ್ತದೆ. ಹ್ಯಾಮಿಲ್ಟನ್ ರೇಸ್ ಅಲ್ಲಿಗೇ ಮುಗಿಯಿತು, ದಂಡ ತೆತ್ತ ಹುಲ್ಕೆನ್‌ಬರ್ಗ್ ಐದನೆಯವರಾದರು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಮಾವ, ಭಾನುವಾರ ಅವರ ಹಿಂದೆ ಇದ್ದದ್ದೂ ಹ್ಯಾಮಿಲ್ಟನ್ನೇ ಅಲ್ವಾ?’ ಎಂದ. ಹೌದು ಎಂದೆ. ಸಿಲ್ವರ್‌ಸ್ಟೋನ್‌ನ ಕೊನೆಯ ಲ್ಯಾಪ್‌ಗಳನ್ನು ಇನ್ನೊಮ್ಮೆ ಹಾಕಲು ಹೇಳಿ, ಈ ಸಲ ಟಿವಿಯ ಹತ್ತಿರಕ್ಕೆ ಸರಿದು ಕುಳಿತ.